ಕೂಗಿದರೆ ಓಗೊಡುವವರು ಯಾರು?
ಒಂಟಿಯಾಗಿರುವ ಹಿರಿಯರ ಮನೆಗೆ ಸೆನ್ಸರ್ ಹಾಕಿಸುವವರಿಗೆ ಒಂದು ಕೈಪಿಡಿ

ಊರಲ್ಲಿ ಒಬ್ಬರೇ ಇರುವ ತಾಯಿಗೆ ದಿನಾ ಫೋನ್ ಮಾಡುವವರಿಗೆಲ್ಲ ಈ ಮಾತುಕತೆ ಗೊತ್ತು. ‘ಊಟ ಆಯ್ತಾ?’ ‘ಆಯ್ತು.’ ‘ಮಾತ್ರೆ ತಗೊಂಡ್ಯಾ?’ ‘ತಗೊಂಡೆ.’ ‘ಮಂಡಿನೋವು?’ ‘ಹಂಗೇ ಇದೆ, ನೀನೇನು ಚಿಂತೆ ಮಾಡ್ಬೇಡ.’ ದೂರದಲ್ಲಿರುವ ಮಕ್ಕಳು ಗಾಬರಿಯಾಗಬಾರದೆಂದು ಅಮ್ಮಂದಿರು ಹೇಳುವುದಕ್ಕಿಂತ ನುಂಗಿಕೊಳ್ಳುವುದೇ ಹೆಚ್ಚು.

ನನ್ನ ಅಮ್ಮ ಸಾಗರದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಈಗ 78 ವರ್ಷ. ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಕಾಲು ಜಾರಿ ಬಿದ್ದಳು. ಫೋನ್ ಇದ್ದದ್ದು ಮಲಗುವ ಕೋಣೆಯಲ್ಲಿ. ಅಲ್ಲಿವರೆಗೆ ತೆವಳಲೂ ಆಗಲಿಲ್ಲ. ಬೆಳಿಗ್ಗೆ ಆರೂವರೆಗೆ ಹಾಲು ತಂದ ಹುಡುಗ ಎಷ್ಟು ಕರೆದರೂ ಬಾಗಿಲು ತೆರೆಯದ್ದು ಕಂಡು ಪಕ್ಕದ ಮನೆಯವರನ್ನು ಕರೆತಂದ. ಒಳಗಿನಿಂದ ಅಗುಳಿ ಹಾಕಿತ್ತು. ಹಿತ್ತಲ ಬಾಗಿಲು ಮುರಿದು ಒಳಗೆ ಹೋಗುವ ಹೊತ್ತಿಗೆ ಅವಳು ತಣ್ಣನೆಯ ನೆಲದ ಮೇಲೆ ನಾಲ್ಕು ತಾಸು ಕಳೆದಿದ್ದಳು. ಸೊಂಟದ ಮೂಳೆ ಮುರಿಯದೆ ಉಳಿದದ್ದು ನಮ್ಮ ಪುಣ್ಯ.

ಆಮೇಲೆ ಆ ಮನೆಗೆ ಒಂದೊಂದಾಗಿ ಸೆನ್ಸರುಗಳು ಬಂದವು. ಕೆಲವು ಉಪಯೋಗಕ್ಕೆ ಬಂದವು, ಕೆಲವನ್ನು ತೆಗೆದಿಟ್ಟೆವು. ಈ ಮೂರು ವರ್ಷಗಳಲ್ಲಿ ಕಲಿತದ್ದನ್ನೂ ಓದಿ ತಿಳಿದದ್ದನ್ನೂ ಇಲ್ಲಿ ಒಟ್ಟುಮಾಡಿದ್ದೇನೆ.

ಕೆಟಲ್ ಕಲಿಸಿದ ಪಾಠ

1996ರಲ್ಲಿ ಟೋಕಿಯೊದ ಇಕೆಬುಕುರೊ ಪ್ರದೇಶದಲ್ಲಿ ವೃದ್ಧ ತಾಯಿ ಮತ್ತು ಕಾಯಿಲೆಯ ಮಗ ಮನೆಯೊಳಗೇ ತೀರಿಕೊಂಡರು. ಅದು ಬಹಳ ದಿನ ಯಾರ ಗಮನಕ್ಕೂ ಬರಲಿಲ್ಲ. ಆ ಸುದ್ದಿ ಜಪಾನನ್ನು ಕಲಕಿತು. ಮುಂದೆ 2001ರಲ್ಲಿ ಜೊಜಿರುಶಿ ಕಂಪನಿ ಒಂದು ಎಲೆಕ್ಟ್ರಿಕ್ ಕೆಟಲ್ ತಂದಿತು. ಮನೆಯ ಹಿರಿಯರು ಚಹಾಕ್ಕೆ ಬಿಸಿನೀರು ಬಗ್ಗಿಸಿಕೊಂಡರೆ ಆ ವಿಷಯ ದೂರದ ಮಕ್ಕಳಿಗೆ ಇಮೇಲ್ ಮೂಲಕ ತಲುಪುತ್ತಿತ್ತು. ಕ್ಯಾಮೆರಾ ಇಲ್ಲ, ಮೈಗೆ ಕಟ್ಟಿಕೊಳ್ಳುವ ಯಂತ್ರವಿಲ್ಲ. ಚಹಾ ಕುಡಿದರೆಂದರೆ ಎದ್ದಿದ್ದಾರೆ, ಓಡಾಡಿಕೊಂಡಿದ್ದಾರೆ ಎಂದು ಅರ್ಥ.

ಮನೆಯ ಆರೋಗ್ಯ ತಂತ್ರಜ್ಞಾನದ ತಿರುಳು ಇಷ್ಟೇ: ಹಿರಿಯರು ಹೇಗೂ ಮಾಡುವ ಕೆಲಸವನ್ನು ಗಮನಿಸಬೇಕು, ಅವರಿಗೆ ಹೊಸ ಕೆಲಸ ಹಚ್ಚಬಾರದು. ನಮ್ಮ ಮನೆಗಳಲ್ಲಿ ಆ ಕೆಟಲ್‌ನ ಜಾಗದಲ್ಲಿರುವುದು ಬೆಳಗಿನ ಕಾಫಿ. ಕಾಫಿಗೆ ಹಾಲು ಬೇಕು, ಹಾಲು ಫ್ರಿಜ್ಜಿನಲ್ಲಿರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಚಿಕ್ಕ ಬಾಗಿಲು ಸೆನ್ಸರ್ ಅಂಟಿಸಿ, ಬೆಳಿಗ್ಗೆ ಏಳೂವರೆಯಾದರೂ ಅದು ತೆರೆಯದಿದ್ದರೆ ನನ್ನ ಮೊಬೈಲಿಗೆ ಸಂದೇಶ ಬರುವಂತೆ ಮಾಡಿಕೊಂಡೆ. ಈಗಲೂ ಅತಿ ಹೆಚ್ಚು ನೆಮ್ಮದಿ ಕೊಡುತ್ತಿರುವ ಸೆನ್ಸರ್ ಅದೇ.

ಮೊದಲು ಜನ, ಆಮೇಲೆ ಯಂತ್ರ

ಏನನ್ನಾದರೂ ಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ ಮೂರು ಹೆಸರು ಬರೆಯಿರಿ. ಅಪಾಯದ ಸಂದೇಶ ಬಂದ ಹತ್ತು ನಿಮಿಷದೊಳಗೆ ಮನೆ ಬಾಗಿಲಿಗೆ ಹೋಗಬಲ್ಲವರ ಹೆಸರು ಅವು. ಪಕ್ಕದ ಮನೆಯವರು, ಎದುರು ಅಂಗಡಿಯವರು, ಅದೇ ಬೀದಿಯ ನೆಂಟರು, ಯಾರಾದರೂ ಸರಿ. ಮೂರು ಹೆಸರು ಸಿಗದಿದ್ದರೆ ಸೆನ್ಸರಿಗೆ ಹಣ ಹಾಕುವ ಮೊದಲು ಆ ಮೂವರನ್ನು ಹುಡುಕಿಕೊಳ್ಳಿ. ಅವರ ಮನೆಗೆ ಹೋಗಿ ಕೂತು, ವಿಷಯ ಹೇಳಿ, ಒಪ್ಪಿಗೆ ಕೇಳಿ. ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇರುವ ನಿಮ್ಮ ಮೊಬೈಲ್ ಎಷ್ಟು ಬಡಿದುಕೊಂಡರೂ ಬಿದ್ದವರನ್ನು ಎತ್ತುವ ಕೈ ಊರಿನದೇ ಆಗಿರಬೇಕು.

ಎರಡನೆಯದು ಬಾಗಿಲು. ಬಂದವರು ಒಳಗೆ ಹೋಗುವಂತಿರಬೇಕು. ಒಳಗಿನ ಅಗುಳಿಯ ಬದಲು ಹೊರಗಿನಿಂದಲೂ ಕೀಲಿಯಲ್ಲಿ ತೆರೆಯಬಹುದಾದ ಬೀಗ ಹಾಕಿಸಿ. ಇನ್ನೊಂದು ಕೀಲಿ ನಂಬಿಕಸ್ಥರ ಮನೆಯಲ್ಲಿರಲಿ. ಬಚ್ಚಲ ಬಾಗಿಲಿನ ಒಳಚಿಲಕ ತೆಗೆಸಿಬಿಡಿ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಇನ್ನೂ ಒಳ್ಳೆಯದು. ಒಳಗೆ ಬಿದ್ದವರ ಮೈ ಅಡ್ಡ ಬಂದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ.

ಮೂರನೆಯದು, ಬೀಳದಂತೆ ನೋಡಿಕೊಳ್ಳುವುದು. ಬಚ್ಚಲಿಗೆ ಜಾರದ ಚಾಪೆ, ಕಮೋಡ್ ಪಕ್ಕ ಗೋಡೆಗೆ ಗಟ್ಟಿ ಹಿಡಿಕೆ, ಸರಿದಾಡುವ ಕಾಲೊರಸು ತೆಗೆಯುವುದು ಇವೆಲ್ಲ ಮೊದಲು ಆಗಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಸಾಯುತ್ತಾರೆ. ಅದರಲ್ಲಿ ದೊಡ್ಡ ಪಾಲು 60 ದಾಟಿದವರದು.

ಯಾವ ಸೆನ್ಸರ್, ಎಲ್ಲಿ?

ಒಂದು ವಾರ ಹಿರಿಯರ ಜೊತೆಗಿದ್ದು ಅವರ ದಿನಚರಿ ಬರೆದುಕೊಳ್ಳಿ. ಎಷ್ಟು ಹೊತ್ತಿಗೆ ಏಳುತ್ತಾರೆ, ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋಗುತ್ತಾರೆ, ಮಧ್ಯಾಹ್ನ ಎಲ್ಲಿ ಒರಗುತ್ತಾರೆ? ಸೆನ್ಸರಿನ ಜಾಗ ಆ ಪಟ್ಟಿಯಿಂದಲೇ ಹೊಳೆಯುತ್ತದೆ.

ಚಲನೆಯ ಸೆನ್ಸರ್: ಮೈಯಿಂದ ಹೊಮ್ಮುವ ಶಾಖ ಅತ್ತಿತ್ತ ಸರಿದಾಗ ಗುರುತಿಸುತ್ತದೆ. ಮೊದಲನೆಯದು ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿರಲಿ. ಮಂಚದಿಂದ ಕಾಲಿಳಿಸಿದೊಡನೆ ದೀಪ ತಾನಾಗಿ ಹೊತ್ತುವಂತೆ ಮಾಡಿದರೆ ಕತ್ತಲಲ್ಲಿ ಸ್ವಿಚ್ ತಡಕಾಡುವುದು ತಪ್ಪುತ್ತದೆ. ಇಂಟರ್ನೆಟ್ ಬೇಡದ, ಕೆಲವು ನೂರು ರೂಪಾಯಿಗೆ ಸಿಗುವ ಸೆನ್ಸರ್ ಬಲ್ಬ್ ಇದಕ್ಕೆ ಸಾಕು. ಒಂದು ಎಚ್ಚರಿಕೆ: ಸುತ್ತಲ ಗಾಳಿ ಮೈಯಷ್ಟೇ ಬಿಸಿಯಾದಾಗ ಈ ಸೆನ್ಸರ್ ಮಂಕಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದನ್ನೊಂದೇ ನಂಬಿ ಕೂರಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಅದರ ಓಡಾಟವನ್ನೂ ಇದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಬಾಗಿಲು ಸೆನ್ಸರ್: ಎರಡು ತುಂಡು, ಒಂದರಲ್ಲಿ ಅಯಸ್ಕಾಂತ. ಬೇರೆಯಾದರೆ ಬಾಗಿಲು ತೆರೆಯಿತು ಎಂದು ಲೆಕ್ಕ. ಫ್ರಿಜ್ಜಿಗೆ, ಮಾತ್ರೆಯ ಕಪಾಟಿಗೆ, ಹೆಬ್ಬಾಗಿಲಿಗೆ ಹಾಕಬಹುದು. ಮರೆವಿನ ಕಾಯಿಲೆ ಇರುವವರು ನಡುರಾತ್ರಿ ಎದ್ದು ಹೊರಗೆ ಹೋಗಿಬಿಡುವ ಮನೆಗಳಲ್ಲಿ ಹೆಬ್ಬಾಗಿಲ ಸೆನ್ಸರ್ ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸಬೇಕು. ಆ ಮನೆಗಳಿಗೆ ಇದು ಮೊದಲ ಅಗತ್ಯ.

ಹಾಸಿಗೆ ಸೆನ್ಸರ್: ಹಾಸಿಗೆಯ ಕೆಳಗಿಡುವ ತೆಳು ಪಟ್ಟಿ. ಮಲಗಿದ್ದಾರೋ ಎದ್ದರೋ ಎಂದು ತಿಳಿಸುತ್ತದೆ. ಕೆಲವು ಉಸಿರಾಟ, ನಾಡಿಯ ಏರಿಳಿತವನ್ನೂ ಗುರುತಿಸುತ್ತವೆ. ಹತ್ತಿಯ ದಪ್ಪ ಗಾದಿಯ ಕೆಳಗೆ ಎಲ್ಲವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಿಂತಿರುಗಿಸಬಹುದಾದ ಕಡೆ ಕೊಳ್ಳಿ.

ರಾಡಾರ್ ಸೆನ್ಸರ್: ಚಿತ್ರ ತೆಗೆಯದೆ, ಕತ್ತಲಲ್ಲೂ, ಮನುಷ್ಯ ಕೂತಿದ್ದಾನೋ ನೆಲದ ಮೇಲಿದ್ದಾನೋ ಎಂದು ಅಂದಾಜಿಸುತ್ತದೆ. ಕ್ಯಾಮೆರಾ ಇಡಲಾಗದ ಬಚ್ಚಲಿಗೆ ತಕ್ಕದ್ದು. ತಿರುಗುವ ಫ್ಯಾನ್, ಅಲುಗುವ ಪರದೆ ಅದನ್ನು ತಪ್ಪುದಾರಿಗೆಳೆಯಬಹುದು.

ಈ ಸಣ್ಣ ಸಾಧನಗಳು ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ ಎಂಬುದನ್ನೂ ಕೇಳಿ. ವೈಫೈ ಸೆನ್ಸರ್ ನೇರ ರೂಟರಿಗೆ ಸೇರುತ್ತದೆ, ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಜಿಗ್‌ಬೀ ಸೆನ್ಸರಿಗೆ ಹಬ್ ಎಂಬ ಚಿಕ್ಕ ಪೆಟ್ಟಿಗೆ ಬೇಕು, ಬ್ಯಾಟರಿ ಬಹಳ ಕಾಲ ಬರುತ್ತದೆ. ಬೇರೆ ಬೇರೆ ಕಂಪನಿಯ ಸಾಧನಗಳು ಹೊಂದಿಕೊಳ್ಳಲೆಂದು 2022ರಲ್ಲಿ ಮ್ಯಾಟರ್ ಎಂಬ ಸಾಮಾನ್ಯ ಮಾನದಂಡ ಬಂದಿದೆ. ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಅದರ ಗುರುತು ನೋಡಿಕೊಳ್ಳಲಿ.

ಬದಲಾಗುವ ನಡೆ ಹೇಳುವುದೇನು?

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಕೊಲಂಬಿಯಾ ನಗರದಲ್ಲಿ ಟೈಗರ್‌ಪ್ಲೇಸ್ ಎಂಬ ಹಿರಿಯರ ವಸತಿ ಇದೆ. ನರ್ಸಿಂಗ್ ಪ್ರಾಧ್ಯಾಪಕಿ ಮೆರಿಲಿನ್ ರಾಂಟ್ಜ್ ಮತ್ತು ಎಂಜಿನಿಯರ್ ಮಾರ್ಜರಿ ಸ್ಕೂಬಿಕ್ ಅಲ್ಲಿ ವರ್ಷಗಟ್ಟಲೆ ಸೆನ್ಸರುಗಳನ್ನು ಪರೀಕ್ಷಿಸಿದರು. ನಡಿಗೆ ನಿಧಾನವಾಗುವುದು, ರಾತ್ರಿ ಬಚ್ಚಲಿಗೆ ಓಡಾಟ ಹೆಚ್ಚುವುದು, ನಿದ್ದೆಯಲ್ಲಿ ಹೊರಳಾಟ ಹೆಚ್ಚುವುದು, ಇಂಥ ಬದಲಾವಣೆ ಕಂಡೊಡನೆ ಅಲ್ಲಿನ ನರ್ಸ್‌ಗೆ ಸಂದೇಶ ಹೋಗುತ್ತಿತ್ತು. 2015ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಸೆನ್ಸರ್ ಇದ್ದ ಮನೆಗಳ ಹಿರಿಯರು ಸರಾಸರಿ 4.3 ವರ್ಷ ಅಲ್ಲೇ ಉಳಿದರು. ಸೆನ್ಸರ್ ಇಲ್ಲದವರು 2.6 ವರ್ಷ. ನರ್ಸ್ ನಿಗಾ ಎರಡೂ ಕಡೆ ಇತ್ತು ಎಂಬುದನ್ನು ಮರೆಯಬಾರದು. ಸಂದೇಶ ಓದಿ ಎದ್ದು ಹೋಗಿ ನೋಡುವವರು ಇದ್ದುದರಿಂದಲೇ ಆ ಸೆನ್ಸರುಗಳಿಗೆ ಬೆಲೆ ಬಂತು.

ಮನೆಯಲ್ಲೂ ಇದು ನಡೆಯುತ್ತದೆ. ರಾತ್ರಿ ಒಂದು ಸಲ ಏಳುತ್ತಿದ್ದವರು ಇದ್ದಕ್ಕಿದ್ದಂತೆ ನಾಲ್ಕು ಸಲ ಏಳತೊಡಗಿದರೆ ಮೂತ್ರನಾಳದ ಸೋಂಕು, ಏರಿದ ಸಕ್ಕರೆ, ಪ್ರಾಸ್ಟೇಟ್ ತೊಂದರೆ, ಹೃದಯದ ದುರ್ಬಲತೆ, ಹೊಸ ಮಾತ್ರೆಯ ಪರಿಣಾಮ, ಯಾವುದೂ ಇರಬಹುದು. ಯಾವುದೆಂದು ಸೆನ್ಸರ್ ಹೇಳದು. ಈ ವಾರವೇ ವೈದ್ಯರ ಬಳಿ ಹೋಗಬೇಕು ಎಂಬುದನ್ನು ಮಾತ್ರ ಹೇಳುತ್ತದೆ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಎಷ್ಟೋ ಸಲ ಜ್ವರವಿಲ್ಲದೆ ಗೊಂದಲ, ತಲೆಸುತ್ತು ತರುತ್ತದೆ. ಹಾಗಾಗಿ ಮೊದಲೇ ಗೊತ್ತಾಗುವುದು ದೊಡ್ಡ ಸಹಾಯ.

ಬಿದ್ದರೆ

ಬಿದ್ದು ಒಂದು ತಾಸಿಗಿಂತ ಹೆಚ್ಚು ನೆಲದ ಮೇಲೆಯೇ ಉಳಿಯುವುದು ಪೆಟ್ಟಿನಷ್ಟೇ ಅಪಾಯಕಾರಿ. ಮೈಯಲ್ಲಿ ನೀರು ಕಡಿಮೆಯಾಗುತ್ತದೆ, ಒತ್ತಿದ ಜಾಗದಲ್ಲಿ ಹುಣ್ಣಾಗುತ್ತದೆ, ಜಜ್ಜಿದ ಸ್ನಾಯುವಿನ ಕಸ ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

ಅತಿ ಅಗ್ಗದ ಉಪಾಯದಿಂದ ಶುರುಮಾಡಿ. ತಂತಿಯಿಲ್ಲದ ಕಾಲಿಂಗ್ ಬೆಲ್ ಕೊಂಡು, ಗುಂಡಿಯನ್ನು ಬಚ್ಚಲ ಗೋಡೆಯಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಅಂಟಿಸಿ. ಬಿದ್ದವರ ಕೈಗೆ ಎಟುಕುವುದು ಆ ಎತ್ತರವೇ. ಬೆಲ್ ಪಕ್ಕದ ಮನೆಯಲ್ಲಿರಲಿ. ಇಂಟರ್ನೆಟ್ ಬೇಡ, ಆ್ಯಪ್ ಬೇಡ. ಗೋಡೆ ದಾಟಿ ಕೇಳಿಸುತ್ತದೆಯೇ ಎಂದು ಬಾಗಿಲು ಮುಚ್ಚಿ ಪರೀಕ್ಷಿಸಿ.

ಕೊರಳಿಗೆ ಹಾಕುವ ತುರ್ತು ಗುಂಡಿ ನೀರಿಗೆ ಕೆಡದಂತಿರಬೇಕು. ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟರೆ ಅದಿದ್ದೂ ಇಲ್ಲದಂತೆ. ಬಿದ್ದದ್ದನ್ನು ತಾನೇ ಗುರುತಿಸುವ ಕೈಗಡಿಯಾರಗಳಿವೆ. ಆ್ಯಪಲ್ ತನ್ನ ವಾಚಿನಲ್ಲಿ ಈ ಸೌಲಭ್ಯ ತಂದದ್ದು 2018ರಲ್ಲಿ. ಗಟ್ಟಿಯಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗದಿದ್ದರೆ ಅದು ತುರ್ತು ಕರೆ ಮಾಡುತ್ತದೆ. ಮೆಲ್ಲಗೆ ಗೋಡೆ ಹಿಡಿದು ಕುಸಿದರೆ ಗುರುತಿಸದೆಯೂ ಇರಬಹುದು. ಇಂಥ ವಾಚನ್ನು ರಾತ್ರಿ ಚಾರ್ಜಿಗೆ ಹಾಕುವ ರೂಢಿ ಬೇಡ. ಹೆಚ್ಚು ಬೇಕಾಗುವುದೇ ರಾತ್ರಿ. ಸಂಜೆ ಟೀವಿ ನೋಡುವಾಗ ಚಾರ್ಜ್ ಆಗಲಿ.

ಅಡುಗೆಮನೆ ಮತ್ತು ಬಚ್ಚಲು

ವಯಸ್ಸಾದಂತೆ ವಾಸನೆ ಹಿಡಿಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಗ್ಯಾಸ್ ಸೋರಿಕೆಯ ಸೆನ್ಸರ್ ಹಿರಿಯರ ಮನೆಗೆ ಬೇಕೇಬೇಕು. ಎಲ್ಲಿ ಹಾಕಬೇಕೆಂಬುದರಲ್ಲಿ ಬಹಳ ಜನ ಎಡವುತ್ತಾರೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕಿಳಿದು ಹರಡುತ್ತದೆ. ಸೆನ್ಸರ್ ನೆಲದಿಂದ ಒಂದು ಅಡಿ ಮೇಲಿರಲಿ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಅದಕ್ಕೆ ಸೆನ್ಸರ್ ಚಾವಣಿಯ ಹತ್ತಿರ ಬೇಕು. ಅಲಾರಂ ಬಡಿದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಇದು ಎಲ್‌ಪಿಜಿ ಸೋರಿಕೆಯ ಸಹಾಯವಾಣಿ.

ಗ್ಯಾಸ್ ಗೀಸರ್ ಬಚ್ಚಲೊಳಗಿದ್ದರೆ ಮೊದಲು ಅದನ್ನು ಹೊರಗೆ ಹಾಕಿಸಿ. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಎಲ್‌ಪಿಜಿ ಸೆನ್ಸರ್ ಇದನ್ನು ಗುರುತಿಸುವುದಿಲ್ಲ. ಇದಕ್ಕೆ ಬೇರೆಯದೇ ಅಲಾರಂ ಬರುತ್ತದೆ.

ಬಿಪಿ, ಸಕ್ಕರೆ, ಆಮ್ಲಜನಕ

ಮೊಬೈಲಿಗೆ ಲೆಕ್ಕ ಕಳಿಸುವ ಬಿಪಿ ಯಂತ್ರ ಒಳ್ಳೆಯದೇ, ಆದರೆ ಅಳತೆ ಸರಿಯಾಗಿರಬೇಕು. ಮಣಿಕಟ್ಟಿನದಕ್ಕಿಂತ ತೋಳಿಗೆ ಕಟ್ಟುವ ಯಂತ್ರ ಕೊಳ್ಳಿ. ತೋಳಿನ ದಪ್ಪಕ್ಕೆ ತಕ್ಕ ಪಟ್ಟಿ ಬೇಕು. ಕಾಫಿ ಕುಡಿದು ಅರ್ಧ ತಾಸು ಕಳೆದಿರಲಿ. ಬೆನ್ನು ಒರಗಿಸಿ, ಕಾಲು ನೆಲಕ್ಕಿಟ್ಟು, ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಅದು ಆಸ್ಪತ್ರೆಯ 140/90ಕ್ಕೆ ಸಮ. ಒಂದು ದಿನದ ಅಂಕಿಗೆ ಹೆದರುವುದು ಬೇಡ, ಒಂದು ವಾರದ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಆದರೆ 180/120 ದಾಟಿ, ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವಿಕೆ ಇದ್ದರೆ ಕೂಡಲೇ ಆಂಬ್ಯುಲೆನ್ಸಿಗೆಂದು 108ಕ್ಕೆ ಕರೆ ಮಾಡಿ.

ತೋಳಿಗೆ ಅಂಟಿಸುವ ಸಕ್ಕರೆ ಸೆನ್ಸರ್ ಸಾಮಾನ್ಯವಾಗಿ ಎರಡು ವಾರ ಬರುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹಾಗಾಗಿ ಕೆಲವು ನಿಮಿಷ ಹಿಂದಿರುತ್ತದೆ. ಬೆವರು, ನಡುಕ, ತಲೆಸುತ್ತು ಇದ್ದೂ ಸೆನ್ಸರ್ ಸರಿಯಿದೆ ಎಂದರೆ ಬೆರಳು ಚುಚ್ಚಿ ನೋಡಿ. ಸೂಜಿಯಿಲ್ಲದೆ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ನಂಬಬೇಡಿರೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಇಸಿಜಿ ತೆಗೆಯುವ ವಾಚು ಕೂಡ ಹೃದಯಬಡಿತದ ಲಯ ತಪ್ಪಿದ್ದನ್ನು ಹೇಳಬಲ್ಲದು, ಹೃದಯಾಘಾತವನ್ನು ಗುರುತಿಸಲಾರದು. ಎದೆ ಹಿಂಡಿದಂತಾದಾಗ ವಾಚು ನೋಡುತ್ತ ಕೂರಬೇಡಿ.

ಬೆರಳಿನ ಆಕ್ಸಿಮೀಟರ್ ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ತಪ್ಪು ತೋರಿಸುತ್ತದೆ. ಕಪ್ಪು ಚರ್ಮದವರಲ್ಲಿ ಅದು ಆಮ್ಲಜನಕವನ್ನು ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು ಎಂಬುದು 2020ರ ಅಮೆರಿಕದ ಅಧ್ಯಯನದಿಂದ ಸ್ಪಷ್ಟವಾಗಿದೆ. ಅಂಕಿ ಚೆನ್ನಾಗಿದ್ದರೂ ಏದುಸಿರು ಇದ್ದರೆ ಏದುಸಿರನ್ನೇ ನಂಬಿ.

ಇನ್ಸುಲಿನ್ ಬಳಸುವ ಮನೆಗೆ ಫ್ರಿಜ್ಜಿನ ತಾಪಮಾನ ಸೆನ್ಸರ್ ಉಪಯುಕ್ತ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ತಾಸುಗಟ್ಟಲೆ ಕರೆಂಟ್ ಹೋದಾಗ ಫ್ರಿಜ್ಜಿನೊಳಗೆ ಏನಾಯಿತೆಂದು ಹೇಳುವುದು ಆ ಸೆನ್ಸರ್ ಮಾತ್ರ.

ಕರೆಂಟ್ ಹೋದರೆ?

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ದಿನಗಟ್ಟಲೆ ಬರದಿರುವುದುಂಟು. ರೂಟರಿಗೆ ಮತ್ತು ಹಬ್‌ಗೆ ಚಿಕ್ಕ ಯುಪಿಎಸ್ ಹಾಕಿ. ಫೈಬರ್ ಕಡಿದಾಗ ಉಪಯೋಗಕ್ಕೆ ಬರುವ ಸಿಮ್ ಡಾಂಗಲ್ ಇರಲಿ. ಹಬ್ ಸಂಪರ್ಕ ಕಡಿದುಕೊಂಡರೆ ಅದನ್ನೂ ನಿಮಗೆ ತಿಳಿಸುವಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ ಸೆನ್ಸರಿನ ಮೌನವನ್ನು ‘ಎಲ್ಲ ಸರಿಯಿದೆ’ ಎಂದು ತಿಳಿದು ಮೋಸಹೋಗುತ್ತೀರಿ. ಇಷ್ಟೆಲ್ಲ ಇದ್ದೂ ಪಕ್ಕದ ಮನೆಯ ಬೆಲ್ ಮತ್ತು ಬೆಳಗಿನ ಫೋನ್ ಬಿಡಬೇಡಿ. ಬೆಲ್‌ಗೂ ಬ್ಯಾಟರಿಯಲ್ಲಿ ನಡೆಯುವಂಥದ್ದನ್ನೇ ಆರಿಸಿ.

ಕೇಳಿ ಹಾಕಿಸಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹಿರಿಯರನ್ನು ಕೇಳದೆ ಅವರ ಮನೆಗೆ ಏನನ್ನೂ ಅಂಟಿಸಬೇಡಿ. ಯಾವ ಸೆನ್ಸರ್ ಏನು ನೋಡುತ್ತದೆ, ಯಾರಿಗೆ ತಿಳಿಸುತ್ತದೆ ಎಂದು ಅವರ ಮಾತಿನಲ್ಲೇ ಹೇಳಿ. ‘ಬೇಡ’ ಎಂದರೆ ಬೇಡ. ನಾನು ಹಜಾರಕ್ಕೆ ಕ್ಯಾಮೆರಾ ಹಾಕುತ್ತೇನೆಂದಾಗ ಅಮ್ಮ, ‘ನನ್ನ ಮನೇಲಿ ನಾನು ಸೆರಗು ಸರಿ ಮಾಡ್ಕೊಂಡೇ ಕೂರಬೇಕಾ?’ ಎಂದಳು. ಆ ಒಂದು ಪ್ರಶ್ನೆಗೆ ಕ್ಯಾಮೆರಾ ಪೆಟ್ಟಿಗೆಗೆ ವಾಪಸಾಯಿತು. ಫ್ರಿಜ್ಜಿನ ಸೆನ್ಸರಿಗೆ ಒಪ್ಪಿದ್ದು ಅವಳೇ.

ಮನೆಯ ಮಾಹಿತಿ ಯಾವ ಕಂಪನಿಗೆ ಹೋಗುತ್ತದೆಂಬುದನ್ನೂ ನೋಡಿ. ಭಾರತದ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ 2023ರಲ್ಲಿ ಬಂದಿದೆ. ಒಪ್ಪಿಗೆ ಅದರ ತಳಹದಿ. ಸಾಧನದ ಜೊತೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಆ್ಯಪಿನ ಪಾಸ್‌ವರ್ಡನ್ನು ಆಗಾಗ ಬದಲಾಗುವ ಕೆಲಸದವರಿಗೆ ಕೊಡಬೇಡಿ.

ಮೊದಲ ತಿಂಗಳು

ಒಂದೇ ಸಲ ಹತ್ತು ಸೆನ್ಸರ್ ಬೇಡ. ಬಚ್ಚಲ ಹಾದಿಯ ಸೆನ್ಸರ್ ದೀಪ, ಫ್ರಿಜ್ಜಿನ ಬಾಗಿಲು, ಗ್ಯಾಸ್ ಅಲಾರಂ, ಬಚ್ಚಲ ಬೆಲ್, ಈ ನಾಲ್ಕರಿಂದ ಶುರುಮಾಡಿ. ಸಂದೇಶಗಳನ್ನು ಎರಡು ಬಗೆ ಮಾಡಿ: ಈಗಲೇ ಓಡಬೇಕಾದ್ದು, ನಾಳೆ ವಿಚಾರಿಸಬೇಕಾದ್ದು. ಎಲ್ಲಕ್ಕೂ ಮೊಬೈಲ್ ಕೂಗಿದರೆ ಹದಿನೈದು ದಿನದಲ್ಲಿ ಯಾರೂ ಕಿವಿಗೊಡುವುದಿಲ್ಲ. ಮೊದಲ ತಿಂಗಳು ಸುಳ್ಳು ಕೂಗು ಬಂದೇ ಬರುತ್ತದೆ. ಏಕಾದಶಿಯ ದಿನ ಅಮ್ಮ ಫ್ರಿಜ್ಜು ತೆರೆಯುವ ಹೊತ್ತೇ ಬೇರೆ ಎಂದು ನನಗೆ ಗೊತ್ತಾದದ್ದು ಹಾಗೆ. ಸಮಯ ತಿದ್ದಿಕೊಂಡೆ. ಪ್ರತಿ ತಿಂಗಳ ಒಂದನೇ ತಾರೀಕು ಎಲ್ಲ ಗುಂಡಿ ಒತ್ತಿ, ಬ್ಯಾಟರಿ ನೋಡಿ, ಪಕ್ಕದ ಮನೆಯವರಿಗೆ ಬೆಲ್ ಕೇಳಿತೇ ಎಂದು ವಿಚಾರಿಸಿ.

ಫ್ರಿಜ್ಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಬೇಕಾದ ನಂಬರುಗಳಿವು: ಆಂಬ್ಯುಲೆನ್ಸ್ 108, ಎಲ್ಲ ತುರ್ತಿಗೂ 112, ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಮನಸ್ಸು ಕುಗ್ಗಿದಾಗ ಟೆಲಿ-ಮಾನಸ್ 14416. ಊರಿನಲ್ಲಿ ತಜ್ಞರಿಲ್ಲದಿದ್ದರೆ ಸರ್ಕಾರದ ಇ-ಸಂಜೀವನಿಯಲ್ಲಿ ಉಚಿತವಾಗಿ ವೈದ್ಯರೊಡನೆ ಮಾತಾಡಬಹುದು. ಬಿಪಿ, ಸಕ್ಕರೆಯ ಪಟ್ಟಿ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಫ್ರಿಜ್ಜಿನ ಮೇಲಿನ ಕಾಗದದಲ್ಲೇ ಔಷಧಗಳ ಹೆಸರು, ಅಲರ್ಜಿ, ಪಕ್ಕದ ಮನೆಯ ನಂಬರೂ ಇರಲಿ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಏಳೂವರೆಗೆ ನನಗೆ ಸಂದೇಶ ಬಂತು: ಫ್ರಿಜ್ಜಿನ ಬಾಗಿಲು ತೆರೆದಿಲ್ಲ. ಅಮ್ಮ ಫೋನ್ ಎತ್ತಲಿಲ್ಲ. ಪಕ್ಕದ ಮನೆಗೆ ಕರೆ ಮಾಡಿದೆ. ಅವರು ತಮ್ಮಲ್ಲಿದ್ದ ಕೀಲಿ ಹಿಡಿದು ಹೋದರು. ಅಮ್ಮ ಮೈ ಸುಡುವ ಜ್ವರದಲ್ಲಿ ಮಲಗಿದ್ದಳು. ಎಂಟು ಗಂಟೆಗೆ ಅವರೇ ಗಂಜಿ ಮಾಡಿಕೊಟ್ಟು, ಒಂಬತ್ತಕ್ಕೆ ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದರು. ಸಂಜೆ ಫೋನಿನಲ್ಲಿ ಅಮ್ಮ, ‘ಸ್ವಲ್ಪ ಜ್ವರ ಇತ್ತು ಅಷ್ಟೆ, ನೀನೇನು ಚಿಂತೆ ಮಾಡ್ಬೇಡ’ ಎಂದಳು. ಆ ಬಾರಿ ಬಾಗಿಲು ಮುರಿಯಬೇಕಾಗಿ ಬರಲಿಲ್ಲ.